ಕ್ರಿಪ್ಟೋ ಉಳಿತಾಯಕ್ಕೆ ಯಾವ ಆಫ್‌ಲೈನ್ ವ್ಯಾಲೆಟ್? ಕಾಗದ, ಹಳೆಯ ಫೋನ್, ಹಾರ್ಡ್‌ವೇರ್ ಸಾಧನ, ಮಲ್ಟಿಸಿಗ್: ಒಂದು ಹೋಲಿಕೆ

ಎಕ್ಸ್‌ಚೇಂಜ್‌ನಲ್ಲಿ, ಅಂದರೆ ಕ್ರಿಪ್ಟೋ ಕೊಳ್ಳುವ ಮಾರುವ ತಾಣದಲ್ಲಿ, ಇರುವುದನ್ನು ಹೊರತೆಗೆದು ನಮ್ಮ ಕೈಯಲ್ಲೇ ಇಟ್ಟುಕೊಳ್ಳೋಣ ಎಂದು ತೀರ್ಮಾನಿಸಿದವರಿಗೆ ಮರುಗಳಿಗೆಯೇ ಇನ್ನೊಂದು ಕಗ್ಗಂಟು ಎದುರಾಗುತ್ತದೆ. ಕೀಲಿ ಕಾಯುವ ಪುಟ್ಟ ಸಾಧನಗಳಲ್ಲಿ ಒಬ್ಬರು ಲೆಡ್ಜರ್ ತಗೊಳ್ಳಿ ಎನ್ನುತ್ತಾರೆ, ಇನ್ನೊಬ್ಬರು ಟ್ರೆಝರ್ ಎನ್ನುತ್ತಾರೆ. ಕಾಗದದ ಮೇಲೆ ಬರೆದಿಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಮಲ್ಟಿಸಿಗ್ (ಹಲವು ಕೀಲಿಗಳ ಸಹಿ) ಇಲ್ಲದಿದ್ದರೆ ಭದ್ರತೆಯೇ ಅಲ್ಲ ಎಂದು ಹೆದರಿಸುವವರೂ ಇದ್ದಾರೆ. ಇದೆಲ್ಲ ಕೇಳಿ ಕೇಳಿ ಏನೂ ಮಾಡದೆ ಎಕ್ಸ್‌ಚೇಂಜ್‌ನಲ್ಲೇ ಬಿಟ್ಟವರು ಬಹಳ ಮಂದಿ. ಈ ಬರಹ ಅವರಿಗಾಗಿ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಸಾಧನ ಕೊಳ್ಳಬೇಕು ಎಂಬುದು ಎರಡನೆಯ ಪ್ರಶ್ನೆ. ಹಣ ಮರಳಿ ಪಡೆಯಲು ಬೇಕಾದ ಸೀಡ್ ಪದಗಳನ್ನು ಎಲ್ಲಿಡುತ್ತೀರಿ, ಅವು ಯಾರ ಕೈಗೆ ಸಿಗಬಾರದು, ಯಾರ ಕೈಗೆ ಸಿಗಲೇಬೇಕು ಎಂಬುದು ಮೊದಲನೆಯದು. ಅದಕ್ಕೆ ಉತ್ತರ ಸಿಕ್ಕರೆ ಸಾಧನದ ಆಯ್ಕೆ ತಾನಾಗಿಯೇ ಸುಲಭವಾಗುತ್ತದೆ.

ಎರಡು ಕಡೆಯ ಅಪಾಯ

ಎಕ್ಸ್‌ಚೇಂಜ್‌ನಲ್ಲಿ ಇಟ್ಟರೆ ಏನಾಗಬಹುದು ಎಂಬುದಕ್ಕೆ ಉದಾಹರಣೆಗಳಿಗೆ ಬರವಿಲ್ಲ. 2014ರಲ್ಲಿ ಮೌಂಟ್ ಗಾಕ್ಸ್ ಮುಳುಗಿದಾಗ ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಕಾಣೆಯಾಗಿತ್ತು. ಆಮೇಲೆ ಸಿಕ್ಕಿದ್ದು ಅದರಲ್ಲಿ ಸುಮಾರು 2 ಲಕ್ಷ. 2022ರ ನವೆಂಬರ್‌ನಲ್ಲಿ ಕುಸಿದ ಎಫ್‌ಟಿಎಕ್ಸ್‌ನದು ಬೇಲಿಯೇ ಎದ್ದು ಹೊಲ ಮೇಯ್ದ ಕಥೆ: ಗ್ರಾಹಕರು ನಂಬಿ ಇಟ್ಟ ಹಣ ಅದರ ಸೋದರ ಸಂಸ್ಥೆ ಅಲಮೇಡಾದ ವ್ಯವಹಾರಕ್ಕೆ ಹೋಗಿತ್ತು.

ಆದರೆ ಕೈಯಲ್ಲಿಟ್ಟುಕೊಂಡವರೆಲ್ಲ ಉಳಿಸಿಕೊಂಡರು ಎಂದೇನಿಲ್ಲ. ರಿಪಲ್ ಕಂಪನಿಯಲ್ಲಿ ತಂತ್ರಜ್ಞಾನ ಮುಖ್ಯಸ್ಥರಾಗಿದ್ದ ಸ್ಟೀಫನ್ ಥಾಮಸ್ ಅವರ 7,002 ಬಿಟ್‌ಕಾಯಿನ್‌ಗಳ ಕೀಲಿ ಐರನ್‌ಕೀ ಎಂಬ, ಪಾಸ್‌ವರ್ಡ್ ಬೀಗವಿರುವ ಪೆನ್ ಡ್ರೈವ್‌ನಲ್ಲಿದೆ. ಪಾಸ್‌ವರ್ಡ್ ಬರೆದಿಟ್ಟಿದ್ದ ಚೀಟಿ ಕಳೆದುಹೋಯಿತು. ಹತ್ತು ಸಲ ತಪ್ಪಾದರೆ ಡ್ರೈವ್ ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ. ಅವರು ಎಂಟು ಸಲ ಪ್ರಯತ್ನಿಸಿ ನಿಲ್ಲಿಸಿದ್ದಾರೆಂಬ ಸುದ್ದಿ 2021ರಲ್ಲಿ ಜಗತ್ತಿಗೆಲ್ಲ ತಿಳಿಯಿತು. ಇಲ್ಲಿ ಕಳ್ಳನೇ ಇಲ್ಲ. ವೇಲ್ಸ್‌ನ ನ್ಯೂಪೋರ್ಟ್‌ನಲ್ಲಿ 2013ರಲ್ಲಿ ಬಿಟ್‌ಕಾಯಿನ್ ಕೀಲಿಯ ಸಮೇತ ಕಸದ ಜೊತೆ ಹೋದ ಹಾರ್ಡ್ ಡಿಸ್ಕ್‌ನದೂ ಇದೇ ಬಗೆಯ ಕಥೆ. ಆಫ್‌ಲೈನ್ ಸಂಗ್ರಹದ ಬಗ್ಗೆ ಯೋಚಿಸುವಾಗ ಕಳ್ಳನಿಗೆ ಎಷ್ಟು ಹೆದರುತ್ತೇವೋ ನಮ್ಮ ಮರೆವಿಗೂ ಅಷ್ಟೇ ಹೆದರಬೇಕು. ಈ ಎರಡರ ನಡುವೆ ಎಳೆದಾಟ ಇದ್ದೇ ಇರುತ್ತದೆ: ಕಳ್ಳನಿಗೆ ಕಷ್ಟವಾಗಲೆಂದು ಹಾಕಿದ ಒಂದೊಂದು ತಡೆಯೂ ಒಂದು ದಿನ ನಿಮಗೇ ಅಡ್ಡ ನಿಲ್ಲಬಹುದು.

ಮೊದಲು ಒಂದಿಷ್ಟು ಮೂಲ ವಿಷಯ

ನಾಣ್ಯಗಳು ವ್ಯಾಲೆಟ್‌ನೊಳಗೆ ಇರುವುದಿಲ್ಲ. ಅವು ಬ್ಲಾಕ್‌ಚೈನ್‌ನ ಲೆಕ್ಕದಲ್ಲಿರುತ್ತವೆ. ಅವನ್ನು ಕದಲಿಸಲು ಬೇಕಾದ ಖಾಸಗಿ ಕೀಲಿ ಮಾತ್ರ ವ್ಯಾಲೆಟ್‌ನಲ್ಲಿರುತ್ತದೆ. ಆ ಕೀಲಿಗಳೆಲ್ಲ ಒಂದು ದೊಡ್ಡ ಸಂಖ್ಯೆಯಿಂದ ಹುಟ್ಟುತ್ತವೆ. ಆ ಸಂಖ್ಯೆಯನ್ನು ಮನುಷ್ಯರು ಬರೆದಿಡಲು ಆಗುವಂತೆ 12 ಅಥವಾ 24 ಪದಗಳಾಗಿ ತೋರಿಸುವ ಪದ್ಧತಿ 2013ರಲ್ಲಿ ಬಂದ ಬಿಐಪಿ-39. ಅದರ ಪಟ್ಟಿಯಲ್ಲಿರುವುದು 2,048 ಪದಗಳು. ಅವನ್ನೇ ಸೀಡ್ ಫ್ರೇಸ್, ಸೀಡ್ ಪದಗಳು ಎನ್ನುತ್ತೇವೆ.

ಇದರಿಂದ ಎರಡು ಪರಿಣಾಮ. ಸಾಧನ ಒಡೆದುಹೋಗಲಿ, ಕಂಪನಿಯೇ ಮುಚ್ಚಿಹೋಗಲಿ, ಪದಗಳಿದ್ದರೆ ಇನ್ನೊಂದು ಕಂಪನಿಯ ಸಾಧನದಲ್ಲಿ ಹಣ ಮರಳಿ ಸಿಗುತ್ತದೆ. ಹಾಗೆಯೇ, ಪದಗಳು ಸಿಕ್ಕವರಿಗೆ ನಿಮ್ಮ ಸಾಧನವೂ ಬೇಡ, ಪಿನ್ನೂ ಬೇಡ. ಹನ್ನೆರಡೋ ಇಪ್ಪತ್ತನಾಲ್ಕೋ ಎಂದು ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ. ಹನ್ನೆರಡು ಪದಗಳಲ್ಲಿರುವ 128 ಬಿಟ್ ಗುಟ್ಟನ್ನು ಊಹಿಸಿ ಒಡೆಯುವ ಕಂಪ್ಯೂಟರ್ ಯಾವುದೂ ಇಲ್ಲ. ಕಳ್ಳತನ ಆಗುವುದು ಊಹೆಯಿಂದಲ್ಲ, ಪದಗಳು ಬಯಲಾಗುವುದರಿಂದ.

ಅಳೆಯುವುದು ಹೇಗೆ

ಯಾವ ಆಯ್ಕೆಯನ್ನಾದರೂ ನಾನು ಅಳೆಯುವುದು ಕೆಲವು ಪ್ರಶ್ನೆಗಳಿಂದ. ಕೀಲಿ ಹುಟ್ಟಿದ ಜಾಗ ಯಾವುದು, ಅದು ಎಂದಾದರೂ ಇಂಟರ್ನೆಟ್ ಇರುವ ಯಂತ್ರವನ್ನು ಮುಟ್ಟಿದೆಯೇ? ಹಣ ಕಳುಹಿಸುವಾಗ ಯಾವುದಕ್ಕೆ ಸಹಿ (ಕೀಲಿಯಿಂದ ಕೊಡುವ ಒಪ್ಪಿಗೆ) ಹಾಕುತ್ತಿದ್ದೇನೆಂದು ನಂಬಬಹುದಾದ ಪರದೆಯ ಮೇಲೆ ಕಾಣುತ್ತದೆಯೇ? ವಸ್ತು ಕಳೆದುಹೋದರೆ ಹಣ ಮರಳಿ ಪಡೆಯುವ ದಾರಿ ಎಷ್ಟು ಸರಳ? ಯಾರಾದರೂ ಅದನ್ನು ಕದ್ದೊಯ್ದರೆ ಎಷ್ಟು ಹೊತ್ತು ತಡೆದೀತು? ನಾನಿಲ್ಲದ ದಿನ ಮನೆಯವರಿಗೆ ಇದು ಅರ್ಥವಾದೀತೇ? ಕೊನೆಗೆ, ಈ ಹಣವನ್ನು ಎಷ್ಟು ಸಲ ಮುಟ್ಟಬೇಕಾಗುತ್ತದೆ, ಮತ್ತು ಉಳಿತಾಯದ ಎಷ್ಟು ಭಾಗವನ್ನು ಅದರ ಕಾವಲಿಗೆ ಖರ್ಚು ಮಾಡುವುದು ನ್ಯಾಯ?

ಎಲ್ಲ ಪ್ರಶ್ನೆಗೂ ಪೂರ್ತಿ ಅಂಕ ಗಳಿಸುವ ಆಯ್ಕೆ ಇಲ್ಲ. ಕಡೆಯ ಎರಡು ಪ್ರಶ್ನೆಗಳನ್ನು ಜನ ಬಿಟ್ಟೇಬಿಡುತ್ತಾರೆ. ನನಗೆ ಅವೇ ಹೆಚ್ಚು ಮುಖ್ಯ ಎನಿಸುತ್ತವೆ.

ಪಟ್ಟಿಯಿಂದ ತೆಗೆದುಹಾಕಬೇಕಾದವು

ಫೋನಿನಲ್ಲಿ ಪದಗಳ ಫೋಟೋ, ಇಮೇಲ್ ಡ್ರಾಫ್ಟ್, ಕ್ಲೌಡ್ ನೋಟ್ಸ್: ಇವು ಆಫ್‌ಲೈನ್ ಅಲ್ಲವೇ ಅಲ್ಲ. 2025ರ ಫೆಬ್ರುವರಿಯಲ್ಲಿ ಕ್ಯಾಸ್ಪರ್‌ಸ್ಕಿ ಸಂಶೋಧಕರು ಸ್ಪಾರ್ಕ್‌ಕ್ಯಾಟ್ ಎಂಬ ಕುತಂತ್ರಾಂಶವನ್ನು ಬಯಲಿಗೆ ತಂದರು. ಅದು ಗೂಗಲ್ ಪ್ಲೇ ಮತ್ತು ಆಪಲ್ ಆಪ್ ಸ್ಟೋರ್ ಎರಡರಲ್ಲೂ ಇದ್ದ ಆಪ್‌ಗಳಲ್ಲಿ ಅಡಗಿತ್ತು. ಗ್ಯಾಲರಿಯಲ್ಲಿರುವ ಚಿತ್ರಗಳ ಅಕ್ಷರಗಳನ್ನು ಓದಿ ಸೀಡ್ ಪದಗಳನ್ನೇ ಹುಡುಕುತ್ತಿತ್ತು. ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಇಡಬಹುದಲ್ಲ ಎನ್ನುವವರು 2022ರ ಲಾಸ್ಟ್‌ಪಾಸ್ ಘಟನೆಯನ್ನು ನೆನೆಯಬೇಕು. ಗ್ರಾಹಕರ ಪೆಟ್ಟಿಗೆಗಳು ಗೂಢಲಿಪಿಯಲ್ಲಿದ್ದವು ನಿಜ, ಆದರೆ ಆ ಪ್ರತಿಗಳೇ ಕಳ್ಳರ ಕೈಸೇರಿದವು. ಒಮ್ಮೆ ಸೇರಿದ ಮೇಲೆ ಪಾಸ್‌ವರ್ಡ್ ಒಡೆಯಲು ಅವರಿಗೆ ಎಷ್ಟು ವರ್ಷ ಬೇಕಾದರೂ ಸಮಯವಿದೆ.

ಪೆನ್ ಡ್ರೈವ್ ಒಂದರಲ್ಲಿ ಹಾಕಿ ಬೀರುವಿನಲ್ಲಿಡುವುದೂ ಬೇಡ. ಫ್ಲ್ಯಾಶ್ ಮೆಮೊರಿ ವಿದ್ಯುದಂಶದ ರೂಪದಲ್ಲಿ ಮಾಹಿತಿ ಹಿಡಿದಿಡುತ್ತದೆ, ವರ್ಷಗಟ್ಟಲೆ ಬಳಸದೆ ಬಿಟ್ಟರೆ ಅದು ಸೋರಿಹೋಗಬಹುದು. ಅಷ್ಟೇ ಅಲ್ಲ, ಅದನ್ನು ಓದಲು ಮತ್ತೆ ಕಂಪ್ಯೂಟರಿಗೇ ಚುಚ್ಚಬೇಕು.

ನೆನಪಿನಲ್ಲೇ ಇಡುತ್ತೇನೆ, ಇಷ್ಟದ ಸಾಲೊಂದನ್ನೇ ಕೀಲಿ ಮಾಡಿಕೊಳ್ಳುತ್ತೇನೆ ಎನ್ನುವ ಬ್ರೈನ್ ವ್ಯಾಲೆಟ್ ಎಲ್ಲಕ್ಕಿಂತ ಅಪಾಯಕಾರಿ. ಹಾಡಿನ ಸಾಲು, ಗಾದೆ, ಶ್ಲೋಕ ಎಲ್ಲವನ್ನೂ ಒಂದೊಂದಾಗಿ ಕೀಲಿಯಾಗಿ ಪರೀಕ್ಷಿಸುವ ಯಂತ್ರಗಳು ಹಗಲಿರುಳು ಓಡುತ್ತಿರುತ್ತವೆ.

ಕಾಗದದ ವ್ಯಾಲೆಟ್

ಇಲ್ಲಿ ಎರಡು ಸಂಗತಿಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ. ಹಾರ್ಡ್‌ವೇರ್ ವ್ಯಾಲೆಟ್‌ನ ಸೀಡ್ ಪದಗಳನ್ನು ಕಾಗದದ ಮೇಲೆ ಪೆನ್ನಿನಿಂದ ಬರೆದಿಡುವುದು ಒಳ್ಳೆಯ ಅಭ್ಯಾಸ. ಬಿಟ್‌ಕಾಯಿನ್‌ನ ಮೊದಲ ವರ್ಷಗಳಲ್ಲಿ ರೂಢಿಯಲ್ಲಿದ್ದ ಪೇಪರ್ ವ್ಯಾಲೆಟ್ ಬೇರೆ: ಒಂದು ವೆಬ್ ಪುಟ ತೆರೆದು, ಒಂದು ವಿಳಾಸ ಮತ್ತು ಒಂದು ಖಾಸಗಿ ಕೀಲಿಯನ್ನು ಕ್ಯೂಆರ್ ಕೋಡ್ ಸಮೇತ ಮುದ್ರಿಸಿ ಇಡುವುದು.

ಇದನ್ನು ನಾನು ಯಾರಿಗೂ ಹೇಳುವುದಿಲ್ಲ. ಪುಟವನ್ನು ತಯಾರಿಸಿದವರು ಪ್ರಾಮಾಣಿಕರೇ, ಪ್ರಿಂಟರ್‌ನ ನೆನಪಿನಲ್ಲಿ ಪ್ರತಿ ಉಳಿಯಿತೇ ಎಂಬ ಅನುಮಾನಗಳನ್ನು ಪಕ್ಕಕ್ಕಿಟ್ಟರೂ, ಖರ್ಚು ಮಾಡುವ ದಿನ ಆ ಕೀಲಿಯನ್ನು ಇಂಟರ್ನೆಟ್ ಇರುವ ಫೋನಿಗೆ ತೋರಿಸಲೇಬೇಕು. ಅಷ್ಟು ವರ್ಷ ಕಾಪಾಡಿದ ಗುಟ್ಟು ಆ ಒಂದು ಗಳಿಗೆಯಲ್ಲಿ ಬಯಲು. ಇನ್ನೊಂದು ಸೂಕ್ಷ್ಮವೂ ಇದೆ. ಬಿಟ್‌ಕಾಯಿನ್‌ನಲ್ಲಿ ವಿಳಾಸದಲ್ಲಿರುವ ಮೊತ್ತದ ಒಂದು ಭಾಗವನ್ನು ಕಳುಹಿಸಿದರೆ, ಉಳಿದ ಚಿಲ್ಲರೆ ಸಾಮಾನ್ಯವಾಗಿ ಹೊಸದೊಂದು ವಿಳಾಸಕ್ಕೆ ಹೋಗುತ್ತದೆ. ಚಿಲ್ಲರೆ ಕಾಗದದಲ್ಲೇ ಉಳಿದಿದೆ ಎಂದುಕೊಂಡು ಆಪ್ ಅಳಿಸಿದವರು ಉಳಿದ ಹಣವನ್ನು ಕಳೆದುಕೊಂಡಿದ್ದಾರೆ. ಹಳೆಯ ಪೇಪರ್ ವ್ಯಾಲೆಟ್ ನಿಮ್ಮಲ್ಲಿದ್ದರೆ ಅದರಲ್ಲಿರುವ ಮೊತ್ತವನ್ನು ಪೂರ್ತಿಯಾಗಿ ಒಂದೇ ಸಲ ಹೊಸ ವ್ಯಾಲೆಟ್‌ಗೆ ಸಾಗಿಸಿ, ಆ ಕಾಗದವನ್ನು ಮತ್ತೆ ಬಳಸಬೇಡಿ.

ಹಳೆಯ ಫೋನ್ ಅಥವಾ ಲ್ಯಾಪ್‌ಟಾಪ್

ಕೈಯಲ್ಲಿ ಹೆಚ್ಚು ಹಣವಿಲ್ಲದ, ಆದರೆ ತಾಳ್ಮೆ ಇರುವವರಿಗೆ ಇದು ಗೌರವದ ಆಯ್ಕೆ. ಮೂಲೆಯಲ್ಲಿ ಬಿದ್ದಿರುವ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಬೇಕಾದ ಆಪ್ ಒಂದನ್ನು ಹಾಕಿ, ಸಿಮ್ ತೆಗೆದು, ವೈಫೈ ಮತ್ತು ಬ್ಲೂಟೂತ್ ಆರಿಸಿ, ವೈಫೈ ಪಾಸ್‌ವರ್ಡನ್ನೂ ಮರೆಸಿದ ಮೇಲೆ ಕೀಲಿ ಹುಟ್ಟಿಸಬೇಕು. ಅಲ್ಲಿಂದಾಚೆ ಆ ಫೋನ್ ಮತ್ತೆಂದೂ ಇಂಟರ್ನೆಟ್ ಕಾಣಬಾರದು. ದಿನಬಳಕೆಯ ಫೋನಿನಲ್ಲಿ ಬರಿ ನೋಡುವ ವ್ಯಾಲೆಟ್ ಇರುತ್ತದೆ. ಅದಕ್ಕೆ ಎಷ್ಟು ಹಣವಿದೆ ಎಂದು ಕಾಣುತ್ತದೆ, ಖರ್ಚು ಮಾಡಲು ಆಗುವುದಿಲ್ಲ. ಕಳುಹಿಸಬೇಕಾದಾಗ ಅದು ಕ್ಯೂಆರ್ ಕೋಡ್ ತೋರಿಸುತ್ತದೆ, ಹಳೆಯ ಫೋನ್ ಅದನ್ನು ಕ್ಯಾಮೆರಾದಿಂದ ಓದಿ ಸಹಿ ಹಾಕಿ ಇನ್ನೊಂದು ಕ್ಯೂಆರ್ ತೋರಿಸುತ್ತದೆ. ಏರ್‌ಗ್ಯಾಪ್ ವಾಲ್ಟ್ ಆಪ್ ಇದಕ್ಕೆಂದೇ ಇದೆ. ಬಿಟ್‌ಕಾಯಿನ್‌ಗೆ ಲ್ಯಾಪ್‌ಟಾಪ್‌ನಲ್ಲಿ ಇಲೆಕ್ಟ್ರಮ್ ಬಳಸಬಹುದು.

ತೊಂದರೆ ಎಲ್ಲಿ? ಶಿಸ್ತಿನಲ್ಲಿ. ಮನೆಯ ಮಗು ಆಟಕ್ಕೆಂದು ಆ ಫೋನಿಗೆ ವೈಫೈ ಹಾಕಿಬಿಟ್ಟರೆ ವರ್ಷಗಳಿಂದ ಅಪ್‌ಡೇಟ್ ಇಲ್ಲದ ಯಂತ್ರ ನೇರವಾಗಿ ಬೀದಿಗೆ ಬಿದ್ದಂತೆ. ಕದ್ದವರನ್ನು ತಡೆಯುವ ಶಕ್ತಿಯೂ ಹಳೆಯ ಫೋನ್‌ಗಳಲ್ಲಿ ಕಡಿಮೆ. ಬ್ಯಾಟರಿ ಉಬ್ಬುತ್ತದೆ, ಆದ್ದರಿಂದ ಪದಗಳ ಪ್ರತಿ ಹೊರಗೆ ಇರಲೇಬೇಕು. ಇಲೆಕ್ಟ್ರಮ್ ಬಳಸುವವರು ಇನ್ನೊಂದನ್ನು ತಿಳಿದಿರಬೇಕು: ಅದು ತಾನಾಗಿ ಕೊಡುವ ಸೀಡ್ ಅದರದೇ ಪದ್ಧತಿಯದು, ಬಿಐಪಿ-39 ಅಲ್ಲ. ಹತ್ತು ವರ್ಷದ ನಂತರ ಬೇರೆ ಸಾಧನಕ್ಕೆ ಆ ಪದಗಳನ್ನು ಕೊಟ್ಟರೆ ಅದು ಒಪ್ಪದೆ ಇರಬಹುದು. ಆದ್ದರಿಂದ ಯಾವ ವ್ಯಾಲೆಟ್ ಮಾಡಿದರೂ ಪದಗಳ ಪಕ್ಕದಲ್ಲಿ ವ್ಯಾಲೆಟ್‌ನ ಹೆಸರನ್ನೂ ಬರೆದಿಡಿ.

ಇದೇ ದಾರಿಯಲ್ಲಿ ಒಂದು ಹೆಜ್ಜೆ ಮುಂದೆ ಹೋದದ್ದು ಸೀಡ್‌ಸೈನರ್. ರಾಸ್ಪ್‌ಬೆರಿ ಪೈ ಝೀರೋ, ಪುಟ್ಟ ಪರದೆ, ಕ್ಯಾಮೆರಾ ಜೋಡಿಸಿ ಯಾರು ಬೇಕಾದರೂ ಮಾಡಿಕೊಳ್ಳಬಹುದಾದ ಬಿಟ್‌ಕಾಯಿನ್ ಸಾಧನ. ಅದು ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಆರಿಸಿದೊಡನೆ ಕೀಲಿ ಮಾಯ. ಕದ್ದವನಿಗೆ ಸಿಗುವುದು ಬರಿ ಬೋರ್ಡು. ಬದಲಿಗೆ ಪ್ರತಿಸಲವೂ ಪದಗಳನ್ನು ಹೊರತೆಗೆದು ಅದಕ್ಕೆ ತೋರಿಸಬೇಕು. ಕೈಕೆಲಸದ ಆಸಕ್ತಿ ಇದ್ದವರಿಗೆ ಬಿಟ್ಟರೆ ಬೇರೆಯವರಿಗೆ ಬೇಡ.

ಹಾರ್ಡ್‌ವೇರ್ ವ್ಯಾಲೆಟ್

ಬಹುತೇಕರಿಗೆ ಉತ್ತರ ಇಲ್ಲಿಯೇ ಸಿಗುತ್ತದೆ. ಪ್ರಾಗ್‌ನ ಸತೋಶಿಲ್ಯಾಬ್ಸ್ 2014ರಲ್ಲಿ ಟ್ರೆಝರ್ ತಂದಾಗಿನಿಂದ ಇದರ ತತ್ವ ಬದಲಾಗಿಲ್ಲ: ಕೀಲಿ ಸಾಧನದೊಳಗೇ ಹುಟ್ಟುತ್ತದೆ, ಒಳಗೇ ಸಹಿ ಹಾಕುತ್ತದೆ, ಹೊರಗೆ ಬರುವುದು ಸಹಿ ಮಾತ್ರ. ಕಂಪ್ಯೂಟರ್‌ನಲ್ಲಿ ವೈರಸ್ ಇದ್ದರೂ ಕೀಲಿ ಅದಕ್ಕೆ ಎಟುಕುವುದಿಲ್ಲ.

ಸಾಧನಗಳ ನಡುವೆ ಆರಿಸುವಾಗ ನೋಡಬೇಕಾದ ಮೊದಲ ಭೇದ ಚಿಪ್ಪಿನದು. ಮೊದಲ ತಲೆಮಾರಿನ ಟ್ರೆಝರ್‌ಗಳಲ್ಲಿ ಇದ್ದದ್ದು ಸಾಮಾನ್ಯ ಮೈಕ್ರೋಕಂಟ್ರೋಲರ್. ಸಾಧನವೇ ಕೈಗೆ ಸಿಕ್ಕರೆ ಸುಮಾರು 15 ನಿಮಿಷದಲ್ಲಿ ಸೀಡ್ ಹೊರತೆಗೆಯಬಹುದು ಎಂದು ಕ್ರಾಕನ್ ಎಕ್ಸ್‌ಚೇಂಜ್‌ನ ಭದ್ರತಾ ತಂಡ 2020ರ ಜನವರಿಯಲ್ಲಿ ತೋರಿಸಿತು. ಫ್ರಾನ್ಸ್‌ನ ಲೆಡ್ಜರ್ ಮೊದಲಿಂದಲೂ ಬ್ಯಾಂಕ್ ಕಾರ್ಡ್‌ಗಳಲ್ಲಿರುವಂಥ ಸೆಕ್ಯೂರ್ ಎಲಿಮೆಂಟ್ ಚಿಪ್ ಬಳಸಿದೆ. ಮೂರು ಸಲ ಪಿನ್ ತಪ್ಪಾದರೆ ಸಾಧನ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಆದರೆ ಅದರ ಫರ್ಮ್‌ವೇರ್, ಅಂದರೆ ಸಾಧನದೊಳಗಿನ ತಂತ್ರಾಂಶ, ಪೂರ್ತಿ ಬಹಿರಂಗವಲ್ಲ. 2023ರ ಮೇನಲ್ಲಿ ಲೆಡ್ಜರ್ ರಿಕವರ್ ಎಂಬ ಐಚ್ಛಿಕ ಸೇವೆ ಪ್ರಕಟಿಸಿದಾಗ ಬಳಕೆದಾರರು ಸಿಟ್ಟಾಗಿದ್ದು ಇದೇ ಕಾರಣಕ್ಕೆ. ಸೀಡನ್ನು ಮೂರು ತುಂಡು ಮಾಡಿ ಬೇರೆ ಬೇರೆ ಸಂಸ್ಥೆಗಳಿಗೆ ಕಳುಹಿಸಿಡುವ ಸೇವೆ ಅದು. ಹಾಗಾದರೆ ಫರ್ಮ್‌ವೇರ್ ಬಯಸಿದರೆ ಸೀಡ್ ಹೊರಹೋಗಬಹುದು ಎಂದಾಯಿತಲ್ಲ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೂ ಆ ಮಾತು ಲೆಡ್ಜರ್‌ಗೆ ಮಾತ್ರವಲ್ಲ, ಎಲ್ಲ ಹಾರ್ಡ್‌ವೇರ್ ವ್ಯಾಲೆಟ್‌ಗಳಿಗೂ ಸಲ್ಲುತ್ತದೆ. ನೀವು ತಯಾರಕರ ಫರ್ಮ್‌ವೇರನ್ನು ನಂಬುತ್ತಿದ್ದೀರಿ. ಬಹಿರಂಗ ಕೋಡ್ ಇದ್ದರೆ ಆ ನಂಬಿಕೆಯನ್ನು ಬೇರೆಯವರು ಪರೀಕ್ಷಿಸಬಹುದು, ಅಷ್ಟೇ ವ್ಯತ್ಯಾಸ.

ಈಗ ಈ ಜಗಳ ಬಹುಮಟ್ಟಿಗೆ ಹಳೆಯದಾಗಿದೆ. 2023ರಲ್ಲಿ ಬಂದ ಟ್ರೆಝರ್ ಸೇಫ್ 3ರಲ್ಲಿ ಸೆಕ್ಯೂರ್ ಎಲಿಮೆಂಟ್ ಇದೆ. ಸ್ವಿಟ್ಜರ್ಲೆಂಡ್‌ನ ಬಿಟ್‌ಬಾಕ್ಸ್02ರಲ್ಲಿ ಬಹಿರಂಗ ಕೋಡೂ ಇದೆ, ಸೆಕ್ಯೂರ್ ಚಿಪ್ಪೂ ಇದೆ. ಮನೆಯಲ್ಲಿ ಬೇರೆಯವರ ಓಡಾಟ ಹೆಚ್ಚಿದ್ದರೆ, ಸಾಧನವನ್ನು ಜೊತೆಯಲ್ಲಿ ಒಯ್ಯುವುದಿದ್ದರೆ, ಸೆಕ್ಯೂರ್ ಎಲಿಮೆಂಟ್ ಇರುವುದನ್ನೇ ಕೊಳ್ಳಿ.

ಎರಡನೆಯದು ಪರದೆ. ಇದಕ್ಕೆ ನಾನು ಚಿಪ್ಪಿಗಿಂತ ಹೆಚ್ಚು ತೂಕ ಕೊಡುತ್ತೇನೆ. 2025ರ ಫೆಬ್ರುವರಿ 21ರಂದು ಬೈಬಿಟ್ ಎಕ್ಸ್‌ಚೇಂಜ್‌ನಿಂದ ಸುಮಾರು 150 ಕೋಟಿ ಡಾಲರ್ ಮೌಲ್ಯದ ಈಥರ್ (ಈಥರಿಯಂ ನಾಣ್ಯ) ಕಳುವಾಯಿತು. ಅದು ಇದ್ದದ್ದು ಕೋಲ್ಡ್ (ಆಫ್‌ಲೈನ್) ವ್ಯಾಲೆಟ್‌ನಲ್ಲಿ, ಹಲವರ ಸಹಿಯ ಕಾವಲಿನಲ್ಲಿ. ಕಳ್ಳರು ಕೀಲಿಯನ್ನು ಮುಟ್ಟಲೇ ಇಲ್ಲ. ಸಹಿ ಹಾಕುವವರ ಕಂಪ್ಯೂಟರ್ ಪರದೆಯಲ್ಲಿ ಮಾಮೂಲಿ ವರ್ಗಾವಣೆ ಕಾಣುವಂತೆ ಮಾಡಿ, ಅಡಿಯಲ್ಲಿ ವ್ಯಾಲೆಟ್‌ನ ಹಿಡಿತವನ್ನೇ ಬಿಟ್ಟುಕೊಡುವ ವ್ಯವಹಾರಕ್ಕೆ ಸಹಿ ಹಾಕಿಸಿಕೊಂಡರು. ಕುರುಡು ಸಹಿ ಎಂದರೆ ಇದೇ. ನಿಮ್ಮ ಸಾಧನದ ಪರದೆ ಪೂರ್ತಿ ವಿಳಾಸವನ್ನೂ ಮೊತ್ತವನ್ನೂ ಓದಲು ಆಗುವಂತೆ ತೋರಿಸುತ್ತದೆಯೇ ನೋಡಿ. ಈಥರಿಯಂ ಮತ್ತು ಅದರ ಟೋಕನ್‌ಗಳನ್ನು ಇಟ್ಟುಕೊಳ್ಳುವವರಿಗೆ ಇದು ಇನ್ನೂ ಮುಖ್ಯ. ಅಲ್ಲಿ ಒಂದು ಅನುಮತಿಗೆ ಒತ್ತಿದ ಸಹಿಯೇ ಟೋಕನ್‌ಗಳನ್ನೆಲ್ಲ ಖಾಲಿ ಮಾಡಬಲ್ಲದು. ಉಳಿತಾಯ ಇಟ್ಟ ವ್ಯಾಲೆಟ್ಟನ್ನು ಯಾವ ಡೀಫೈ (ಬ್ಯಾಂಕಿಲ್ಲದೆ ಕ್ರಿಪ್ಟೋ ಸಾಲ, ವಿನಿಮಯ ನಡೆಸುವ) ತಾಣಕ್ಕೂ ಜೋಡಿಸಲೇಬೇಡಿ, ಅದಕ್ಕೆ ಬೇರೆ ಚಿಕ್ಕ ವ್ಯಾಲೆಟ್ ಇರಲಿ.

ಸಂಪರ್ಕ ಯುಎಸ್‌ಬಿಯೋ, ಬ್ಲೂಟೂತೋ, ಕ್ಯೂಆರ್ ಕೋಡೋ, ಮೆಮೊರಿ ಕಾರ್ಡೋ ಎಂಬ ಚರ್ಚೆ ಬಹಳ ನಡೆಯುತ್ತದೆ. ಯಾವ ತಂತಿಯೂ ಬೇಡ ಎನ್ನುವವರಿಗೆ ಕೀಸ್ಟೋನ್, ಕೋಲ್ಡ್‌ಕಾರ್ಡ್‌ನಂಥವು ಇವೆ. ನನ್ನ ದೃಷ್ಟಿಯಲ್ಲಿ ಸಾಧಾರಣ ಉಳಿತಾಯಗಾರರಿಗೆ ಇದು ಕೊನೆಯ ಚಿಂತೆ. ಬಿಟ್‌ಕಾಯಿನ್ ಒಂದೇ ಇದ್ದರೆ ಬಿಟ್‌ಕಾಯಿನ್ ಮಾತ್ರದ ಫರ್ಮ್‌ವೇರ್ ಇರುವ ಸಾಧನ ಒಳ್ಳೆಯದು, ಕೋಡ್ ಕಡಿಮೆ ಇದ್ದಷ್ಟು ದೋಷಕ್ಕೆ ಜಾಗ ಕಡಿಮೆ.

ಕಾರ್ಡ್ ರೂಪದ ವ್ಯಾಲೆಟ್‌ಗಳ ಬಗ್ಗೆ ಕೇಳುವವರು ಹೆಚ್ಚುತ್ತಿದ್ದಾರೆ. ಟ್ಯಾಂಗೆಮ್ ಅಂಥದ್ದು: ಎರಡು ಅಥವಾ ಮೂರು ಕಾರ್ಡ್‌ಗಳ ಕಟ್ಟು, ಫೋನಿಗೆ ತಾಗಿಸಿದರೆ ಸಹಿ. ಬ್ಯಾಟರಿ ಇಲ್ಲ, ಕೇಬಲ್ ಇಲ್ಲ, ಪದಗಳನ್ನು ಬರೆಯದೆಯೂ ಬಳಸಬಹುದು. ಒಂದು ಕಾರ್ಡ್ ಕಳೆದರೆ ಇನ್ನೊಂದು ಇರುತ್ತದೆ. ಪದಗಳನ್ನು ಬರೆದು ಕಾಪಾಡುವುದು ತಮ್ಮಿಂದಾಗದು ಎನ್ನುವ ಹಿರಿಯರಿಗೆ ಇದು ಹಿಡಿಸೀತು. ಆದರೆ ಕಾರ್ಡಿಗೆ ಪರದೆ ಇಲ್ಲ, ಫೋನ್ ತೋರಿಸಿದ್ದನ್ನೇ ನಂಬಬೇಕು. ಪದಗಳಿಲ್ಲದೆ ಬಳಸಿದರೆ ಎಲ್ಲ ಕಾರ್ಡ್ ಕಳೆದ ದಿನ ಬೇರೆ ದಾರಿಯೂ ಇಲ್ಲ. ಚಿಕ್ಕ ಮೊತ್ತಕ್ಕೆ ಸರಿ, ಜೀವಮಾನದ ಉಳಿತಾಯಕ್ಕೆ ನಾನು ಹೇಳಲಾರೆ.

ಪದಗಳನ್ನು ಇಡುವ ಬಗೆ

ಸಾಧನಕ್ಕೆ ಹಾಕುವ ಹಣದ ಒಂದು ಪಾಲನ್ನು ಇಲ್ಲಿಗೆ ತಿರುಗಿಸಿ ಎಂದು ಒತ್ತಾಯಿಸುತ್ತೇನೆ. ಕಾಗದ ಅಗ್ಗ, ಆದರೆ ನೀರು, ಬೆಂಕಿ, ಗೆದ್ದಲು ಮೂರಕ್ಕೂ ಸೋಲುತ್ತದೆ. ಸ್ಟೀಲ್ ಫಲಕ ಇವೆಲ್ಲವನ್ನೂ ತಾಳುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಕರಗಲು ಸುಮಾರು 1,400 ಡಿಗ್ರಿ ಸೆಲ್ಸಿಯಸ್ ಬೇಕು. ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುವುದರಿಂದ ಅದು ಬೇಡ. ಸಿದ್ಧ ಫಲಕಗಳು ಸಿಗುತ್ತವೆ. ಇಲ್ಲದಿದ್ದರೆ ದಪ್ಪ ಸ್ಟೀಲ್ ತಗಡು ಮತ್ತು ಅಕ್ಷರ ಒತ್ತುವ ಪಂಚುಗಳ ಒಂದು ಕಟ್ಟು, ಸುತ್ತಿಗೆ ಸಾಕು. ಪಟ್ಟಿಯ ಪ್ರತಿ ಪದವನ್ನೂ ಮೊದಲ ನಾಲ್ಕು ಅಕ್ಷರಗಳಿಂದಲೇ ಗುರುತಿಸಬಹುದು, ಹಾಗಾಗಿ ನಾಲ್ಕೇ ಅಕ್ಷರ ಒತ್ತಿದರೂ ನಡೆಯುತ್ತದೆ. ಕೆಲವು ಪದಗಳಿಗೆ ಮೂರೇ ಅಕ್ಷರ. ಅಲ್ಲಿ ನಾಲ್ಕನೆಯ ಮನೆ ಖಾಲಿ ಬಿಡಿ. ಪದಗಳ ಕ್ರಮಸಂಖ್ಯೆ ತಪ್ಪದೆ ಇರಲಿ, ಕ್ರಮ ತಪ್ಪಿದರೆ ಅದು ಬೇರೆಯೇ ಸೀಡ್. ಪದಗಳನ್ನು ಇಂಗ್ಲಿಷ್ ಕಾಗುಣಿತದಲ್ಲೇ ಇಡಿ; ಕನ್ನಡ ಲಿಪಿಯಲ್ಲಿ ಬರೆದಿಟ್ಟರೆ ಮುಂದೆ ಸ್ಪೆಲಿಂಗ್ ಊಹಿಸುವ ಪಾಡು.

ಪದಗಳನ್ನು ಎರಡು ಭಾಗ ಮಾಡಿ ಎರಡು ಕಡೆ ಇಡುತ್ತೇನೆ ಎಂಬ ಯೋಚನೆ ಎಲ್ಲರಿಗೂ ಬರುತ್ತದೆ. ಬೇಡ. ಯಾವ ಅರ್ಧ ಕಳೆದರೂ ಹಣ ಹೋಯಿತು. ಹನ್ನೆರಡು ಪದಗಳನ್ನು ಆರಾರಾಗಿ ಒಡೆದರೆ, ಒಂದು ಅರ್ಧ ಸಿಕ್ಕವನಿಗೆ ಉಳಿದ ಅರ್ಧ ಹುಡುಕುವ ಕೆಲಸವೂ ಬಹಳ ಸುಲಭವಾಗುತ್ತದೆ. ಹಂಚಿಡಲೇಬೇಕೆಂದರೆ ಅದಕ್ಕೆಂದೇ ಮಾಡಿದ ಶಮೀರ್ ಬ್ಯಾಕಪ್ ಇದೆ. ಟ್ರೆಝರ್ ಅದನ್ನು 2019ರಲ್ಲಿ ತಂದಿತು. ಮೂರು ಹಾಳೆಗಳಲ್ಲಿ ಯಾವ ಎರಡು ಸಿಕ್ಕರೂ ಸಾಕು, ಒಂದೇ ಹಾಳೆಯಿಂದ ಏನೂ ತಿಳಿಯದು. ಆದರೆ ಈ ಪದ್ಧತಿ ಎಲ್ಲ ಸಾಧನಗಳಲ್ಲೂ ಇಲ್ಲ.

ಇನ್ನು ಪಾಸ್‌ಫ್ರೇಸ್. ಸೀಡ್ ಪದಗಳ ಜೊತೆಗೆ ನೀವೇ ಆರಿಸಿದ ಇನ್ನೊಂದು ಗುಟ್ಟು ಸೇರಿಸಿದರೆ ಬೇರೆಯೇ ವ್ಯಾಲೆಟ್ ತೆರೆದುಕೊಳ್ಳುತ್ತದೆ. ಸ್ಟೀಲ್ ಫಲಕ ಕದ್ದವನಿಗೆ ಹಣ ಕಾಣುವುದಿಲ್ಲ. ಕ್ರಾಕನ್ ತೋರಿಸಿದ ದಾಳಿಯನ್ನೂ ಗಟ್ಟಿ ಪಾಸ್‌ಫ್ರೇಸ್ ತಡೆಯುತ್ತದೆ. ಅಪಾಯ ಏನೆಂದರೆ ಇಲ್ಲಿ ತಪ್ಪು ಪಾಸ್‌ಫ್ರೇಸ್ ಎಂಬುದೇ ಇಲ್ಲ. ಒಂದು ಅಕ್ಷರ, ಒಂದು ಖಾಲಿ ಜಾಗ ವ್ಯತ್ಯಾಸವಾದರೂ ಸಾಧನ ಎಚ್ಚರಿಸುವುದಿಲ್ಲ, ಸುಮ್ಮನೆ ಖಾಲಿ ವ್ಯಾಲೆಟ್ ತೋರಿಸುತ್ತದೆ. ಪಾಸ್‌ಫ್ರೇಸನ್ನೂ ಬರೆದು, ಪದಗಳಿರುವ ಜಾಗಕ್ಕಿಂತ ಬೇರೆ ಕಡೆ ಇಡಲು ಆಗುವುದಾದರೆ ಮಾತ್ರ ಬಳಸಿ. ನೆನಪನ್ನು ನಂಬಿ ಬಳಸಬೇಡಿ.

ಮಲ್ಟಿಸಿಗ್

ಮೂರು ಕೀಲಿಗಳಲ್ಲಿ ಎರಡರ ಸಹಿ ಬಿದ್ದರೆ ಮಾತ್ರ ಹಣ ಕದಲುವ ವ್ಯವಸ್ಥೆ ಇದರ ಸಾಮಾನ್ಯ ರೂಪ. ಮೂರು ಬೇರೆ ತಯಾರಕರ ಸಾಧನಗಳನ್ನು ಮೂರು ಕಡೆ ಇಟ್ಟರೆ ಒಂದು ಕಳುವಾದರೂ ಚಿಂತೆಯಿಲ್ಲ, ಒಂದು ಸುಟ್ಟುಹೋದರೂ ಚಿಂತೆಯಿಲ್ಲ, ಒಂದು ಕಂಪನಿಯ ಫರ್ಮ್‌ವೇರ್‌ನಲ್ಲಿ ದೋಷ ಬಂದರೂ ಹಣ ಉಳಿಯುತ್ತದೆ. ದೊಡ್ಡ ಮೊತ್ತಕ್ಕೆ, ಕುಟುಂಬದ ಅಥವಾ ಸಂಸ್ಥೆಯ ಹಣಕ್ಕೆ ಇದಕ್ಕಿಂತ ಗಟ್ಟಿಯಾದದ್ದು ನನಗೆ ಗೊತ್ತಿಲ್ಲ. ಬಿಟ್‌ಕಾಯಿನ್‌ಗೆ ಸ್ಪ್ಯಾರೋ ತಂತ್ರಾಂಶದಲ್ಲಿ ಇದನ್ನು ಹೊಂದಿಸುವುದು ಕಷ್ಟವೇನಲ್ಲ.

ಹಾಗಾದರೆ ಎಲ್ಲರಿಗೂ ಯಾಕೆ ಬೇಡ? ಸಾಧನಗಳ ಖರ್ಚು ಮೂರು ಪಟ್ಟು, ಪ್ರತಿ ವರ್ಗಾವಣೆಗೂ ಎರಡು ಜಾಗಕ್ಕೆ ಹೋಗಬೇಕು. ಅದಕ್ಕಿಂತ ಮುಖ್ಯವಾಗಿ, ಇಲ್ಲಿ ಸೀಡ್ ಪದಗಳು ಮಾತ್ರ ಸಾಲುವುದಿಲ್ಲ. ಯಾವ ಮೂರು ಕೀಲಿಗಳು ಸೇರಿ ಈ ವ್ಯಾಲೆಟ್ ಆಗಿದೆ ಎಂದು ಹೇಳುವ ಸಂರಚನಾ ಫೈಲ್ ಕೂಡ ಬೇಕು; ಅದನ್ನು ಡಿಸ್ಕ್ರಿಪ್ಟರ್ ಎನ್ನುತ್ತಾರೆ. ಅದಿಲ್ಲದೆ ಒಂದು ಸೀಡ್ ಕಳೆದರೆ, ಉಳಿದ ಎರಡು ಸೀಡ್ ಕೈಯಲ್ಲಿದ್ದರೂ ಹಣ ಎಲ್ಲಿದೆಯೆಂದೇ ಸಾಫ್ಟ್‌ವೇರ್‌ಗೆ ತಿಳಿಯದು. ಆ ಫೈಲ್ ಗುಟ್ಟಿನದಲ್ಲ, ಅದರಿಂದ ಯಾರೂ ಕದಿಯಲಾರರು, ಎಷ್ಟು ಹಣವಿದೆ ಎಂದು ನೋಡಬಲ್ಲರು ಅಷ್ಟೇ. ಪ್ರತಿ ಸೀಡ್‌ನ ಜೊತೆಗೂ ಒಂದು ಮುದ್ರಿತ ಪ್ರತಿ ಇಡಿ. ಇದನ್ನು ಮನೆಯ ಇನ್ನೊಬ್ಬರಿಗೆ ವಿವರಿಸಿ ಅವರ ಕೈಯಲ್ಲೇ ಒಮ್ಮೆ ಮಾಡಿಸಲು ಆಗದಿದ್ದರೆ ಮಲ್ಟಿಸಿಗ್ ನಿಮಗಲ್ಲ.

ನಿಮ್ಮ ಪರಿಸ್ಥಿತಿಗೆ ಯಾವುದು

ಸಾಧನದ ಬೆಲೆಯೇ ಉಳಿತಾಯದ ದೊಡ್ಡ ಪಾಲಾಗುವಷ್ಟು ಚಿಕ್ಕ ಮೊತ್ತ ನಿಮ್ಮದಾದರೆ ಹಳೆಯ ಫೋನ್ ಮತ್ತು ಎರಡು ಕಾಗದದ ಪ್ರತಿಗಳು ಸಾಕು. ಮೊತ್ತ ಬೆಳೆದಾಗ ಬದಲಿಸಿ.

ಕಳೆದರೆ ನಿಜವಾಗಿ ನೋವಾಗುವಷ್ಟು ಮೊತ್ತ, ವರ್ಷಕ್ಕೆ ನಾಲ್ಕಾರು ಸಲ ಮಾತ್ರ ಮುಟ್ಟುವ ಉಳಿತಾಯ ಎಂದಾದರೆ ಸೆಕ್ಯೂರ್ ಎಲಿಮೆಂಟ್ ಮತ್ತು ಓದಬಹುದಾದ ಪರದೆ ಇರುವ ಒಂದು ಹಾರ್ಡ್‌ವೇರ್ ವ್ಯಾಲೆಟ್, ಬೇರೆ ಬೇರೆ ಕಟ್ಟಡಗಳಲ್ಲಿ ಎರಡು ಸ್ಟೀಲ್ ಪ್ರತಿ. ದುಬಾರಿ ಮಾದರಿಗೆ ಹೆಚ್ಚು ಕೊಡುವ ಬದಲು ಅಗ್ಗದ ಮಾದರಿ ಕೊಂಡು ಉಳಿದ ಹಣದಲ್ಲಿ ಸ್ಟೀಲ್ ಫಲಕ ಕೊಳ್ಳಿ. ಟಚ್ ಸ್ಕ್ರೀನ್ ಇದ್ದ ಮಾತ್ರಕ್ಕೆ ಕೀಲಿ ಹೆಚ್ಚು ಭದ್ರವಾಗುವುದಿಲ್ಲ. ಪ್ರತಿಗಳಲ್ಲೊಂದು ನಿಮ್ಮ ಮನೆಯಿಂದ ಆಚೆ, ಬೇರೆಯವರ ಕಣ್ಣಿಗೆ ಬೀಳಬಹುದಾದ ಕಡೆ ಇದ್ದರೆ ಮಾತ್ರ ಪಾಸ್‌ಫ್ರೇಸ್ ಸೇರಿಸಿ.

ಉಳಿತಾಯದ ಬಹುಭಾಗ ಕ್ರಿಪ್ಟೋದಲ್ಲೇ ಇರುವವರು, ನಿಮ್ಮಲ್ಲಿ ಇದು ಇದೆ ಎಂದು ಹಲವರಿಗೆ ಗೊತ್ತಿರುವವರು ಮಲ್ಟಿಸಿಗ್ ಕಡೆ ನೋಡಿ. ಬೆದರಿಸಿ ಕೇಳಿದರೂ ಒಂದೇ ಜಾಗದಲ್ಲಿ ನಿಂತು ಕೊಡಲು ಆಗದಿರುವುದು ಅಲ್ಲಿ ರಕ್ಷಣೆ. ದಿನವೂ ವಹಿವಾಟು ಮಾಡುವವರಿಗೆ ಇವು ಯಾವುದೂ ಸರಿಹೋಗದು. ಖರ್ಚಿನ ಚಿಕ್ಕ ಮೊತ್ತ ಫೋನಿನ ವ್ಯಾಲೆಟ್‌ನಲ್ಲಿರಲಿ, ಉಳಿದದ್ದು ಆಫ್‌ಲೈನ್ ಇರಲಿ.

ಯಾವ ವರ್ಗಕ್ಕೆ ಸೇರಿದರೂ ಮನೆಯವರಿಗೆ ಒಂದು ಪತ್ರ ಬರೆದಿಡಿ. ಅದರಲ್ಲಿ ಪದಗಳಿರಬಾರದು. ಯಾವ ನಾಣ್ಯಗಳಿವೆ, ಯಾವ ವ್ಯಾಲೆಟ್, ಸಾಧನ ಎಲ್ಲಿದೆ, ಫಲಕ ಎಲ್ಲಿದೆ, ನಂಬಬಹುದಾದ ಯಾರನ್ನು ಕೇಳಬೇಕು, ಯಾರು ಫೋನ್ ಮಾಡಿ ಪದ ಕೇಳಿದರೂ ಹೇಳಬಾರದು ಎಂಬುದು ಇರಬೇಕು.

ಸಾಧನ ಕೈಗೆ ಬಂದ ದಿನ

ತಯಾರಕರಿಂದ ಅಥವಾ ಅವರೇ ಹೆಸರಿಸಿದ ಮಾರಾಟಗಾರರಿಂದ ಮಾತ್ರ ಕೊಳ್ಳಿ, ಬಳಸಿದ್ದನ್ನು ಕೊಳ್ಳಬೇಡಿ. ಪೆಟ್ಟಿಗೆಯಲ್ಲಿ ಮೊದಲೇ ಬರೆದ ಪದಗಳ ಕಾರ್ಡ್ ಇದ್ದರೆ ಅದು ಮೋಸ. ಪದಗಳು ನಿಮ್ಮ ಕಣ್ಣೆದುರು ಸಾಧನದ ಪರದೆಯ ಮೇಲೆಯೇ ಹುಟ್ಟಬೇಕು. 2020ರಲ್ಲಿ ಲೆಡ್ಜರ್‌ನ ಗ್ರಾಹಕರ ಪಟ್ಟಿ ಸೋರಿ ಸುಮಾರು 2.7 ಲಕ್ಷ ಜನರ ಹೆಸರು, ವಿಳಾಸಗಳು ಬಯಲಾದವು. ಮರುವರ್ಷ ಕೆಲವರ ಮನೆಗೆ ಅಂಚೆಯಲ್ಲಿ ಉಚಿತ ಹೊಸ ಸಾಧನವೇ ಬಂತು. ಒಳಗೆ ಪದಗಳನ್ನು ಕದಿಯುವ ಏರ್ಪಾಡಿತ್ತು. ಕೇಳದೆ ಬಂದ ಸಾಧನವನ್ನು ಬಳಸಬೇಡಿ.

ಪದಗಳನ್ನು ಕೋಣೆಯ ಬಾಗಿಲು ಹಾಕಿಕೊಂಡು, ಫೋನ್ ಆಚೆಯಿಟ್ಟು ಬರೆಯಿರಿ. ಆಮೇಲೆ ಚಿಕ್ಕ ಮೊತ್ತವೊಂದನ್ನು ಸಾಧನಕ್ಕೆ ಕಳುಹಿಸಿ. ಬಂತೇ? ಈಗ ಧೈರ್ಯ ಮಾಡಿ ಸಾಧನವನ್ನು ಪೂರ್ತಿ ಅಳಿಸಿ, ಬರೆದಿಟ್ಟ ಪ್ರತಿಯಿಂದಲೇ ಪದಗಳನ್ನು ಮತ್ತೆ ಹಾಕಿ. ಅದೇ ವಿಳಾಸ, ಅದೇ ಮೊತ್ತ ಮರಳಿ ಕಂಡರೆ ನಿಮ್ಮ ಪ್ರತಿ ಸರಿಯಾಗಿದೆ. ಈ ಪರೀಕ್ಷೆ ಮಾಡದೆ ದೊಡ್ಡ ಮೊತ್ತ ಹಾಕುವುದು ಬೇಡವೇ ಬೇಡ. ಹಾಳೆಯ ಮೇಲಿನ ಒಂದು ಪದದ ತಪ್ಪು ಇಂದು ತಿಳಿದರೆ ತಿದ್ದಬಹುದು, ಸಾಧನ ಕೆಟ್ಟ ದಿನ ತಿಳಿದರೆ ತಿದ್ದಲಾಗದು.

ಎಕ್ಸ್‌ಚೇಂಜ್‌ನಿಂದ ಉಳಿದದ್ದನ್ನು ಕಳುಹಿಸುವಾಗ ವಿಳಾಸವನ್ನು ಹಳೆಯ ವಹಿವಾಟಿನ ಪಟ್ಟಿಯಿಂದ ನಕಲು ಮಾಡಬೇಡಿ. ಮೊದಲ ಮತ್ತು ಕೊನೆಯ ನಾಲ್ಕೈದು ಅಕ್ಷರಗಳು ನಿಮ್ಮದೇ ವಿಳಾಸದಂತೆ ಕಾಣುವ ನಕಲಿ ವಿಳಾಸಗಳಿಂದ ಬಿಡಿಗಾಸು ಕಳುಹಿಸಿ, ಆ ಪಟ್ಟಿಯೊಳಗೆ ತಮ್ಮ ವಿಳಾಸ ತೂರಿಸುವ ಮೋಸಗಾರರಿದ್ದಾರೆ. ಪ್ರತಿಸಲವೂ ಸಾಧನದ ಪರದೆಯಲ್ಲಿ ವಿಳಾಸ ತರಿಸಿ, ಮಧ್ಯದ ಅಕ್ಷರಗಳನ್ನೂ ಸೇರಿಸಿ ತಾಳೆ ನೋಡಿ. ಒಂದೇ ಟೋಕನ್ ಹಲವು ನೆಟ್‌ವರ್ಕ್‌ಗಳಲ್ಲಿ ಇರುವುದರಿಂದ, ಹಿಂಪಡೆಯುವ ಪುಟದಲ್ಲಿ ಆರಿಸಿದ ನೆಟ್‌ವರ್ಕ್ ನಿಮ್ಮ ವ್ಯಾಲೆಟ್‌ನದೇ ಆಗಿರಲಿ. ಶುಲ್ಕ ಎರಡು ಸಲ ಹೋದರೂ ಪರವಾಗಿಲ್ಲ, ಮೊದಲು ಚಿಕ್ಕದೊಂದು ಮೊತ್ತ ಕಳುಹಿಸಿ, ಅದು ಸಾಧನದ ಲೆಕ್ಕದಲ್ಲಿ ಕಂಡ ಮೇಲೆ ಉಳಿದದ್ದನ್ನು ಕಳುಹಿಸಿ.